ಫೋನಿನೊಳಗಿನ ಪಟ್ಟಿ ಯಾರದು?

ಒಂದು ಫೋಲ್ಡರಿನಲ್ಲಿ ಏನೇನಿದೆ ಎಂದು ಕೇಳುವುದು ಪ್ರೋಗ್ರಾಮಿಂಗ್‌ನ ಅತಿ ಸರಳ ಕೆಲಸಗಳಲ್ಲೊಂದು. ಆಂಡ್ರಾಯ್ಡ್ ಆ್ಯಪ್ ಬರೆಯುವವರು ‘ಲಿಸ್ಟ್‌ಫೈಲ್ಸ್’ ಎಂಬ ಒಂದು ಆದೇಶ ಕೊಟ್ಟರೆ ಆ ಫೋಲ್ಡರಿನ ಫೈಲುಗಳೂ ಒಳಗಿನ ಫೋಲ್ಡರುಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಪ್ರತಿ ಒಳಫೋಲ್ಡರಿಗೂ ಅದೇ ಆದೇಶವನ್ನು ಕೊಡುತ್ತ ಹೋದರೆ ಇಡೀ ಸಂಗ್ರಹ ಹತ್ತಿಪ್ಪತ್ತು ಸಾಲಿನ ಕೋಡಿಗೆ ಬಿಚ್ಚಿಕೊಳ್ಳುತ್ತದೆ. ಇಷ್ಟು ಸಣ್ಣ ಕೆಲಸವನ್ನು ಆ್ಯಪ್‌ಗಳು ಎಲ್ಲಿಯವರೆಗೆ ಮಾಡಬಹುದು ಎಂಬ ಪ್ರಶ್ನೆಗೆ ಗೂಗಲ್ ಮತ್ತು ಆ್ಯಪಲ್ ಕಳೆದ ಒಂದೂವರೆ ದಶಕದಲ್ಲಿ ಮತ್ತೆ ಮತ್ತೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಉತ್ತರ ಬದಲಾದಾಗಲೆಲ್ಲ ಆ್ಯಪ್ ಬರೆದವರು ತಮ್ಮ ಕೋಡು ತಿದ್ದಿದ್ದಾರೆ. ಆದರೆ ಇದನ್ನು ಡೆವಲಪರ್‌ಗಳ ತಲೆನೋವು ಎಂದು ಬಿಟ್ಟುಬಿಡುವಂತಿಲ್ಲ. ಫೋನಿನಲ್ಲಿರುವ ಫೈಲುಗಳ ಪಟ್ಟಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಇದರ ಬೇರಿನಲ್ಲಿದೆ. ಪಟ್ಟಿ ಫೋನಿನ ಒಡೆಯರದು ಎಂಬುದು ನನ್ನ ವಾದ. ಆ್ಯಪ್ ಅದನ್ನು ಕೇಳಿ ಪಡೆಯಬೇಕು. ಫೋನಿನ ವ್ಯವಸ್ಥೆಯನ್ನು ತಯಾರಿಸಿದ ಕಂಪನಿ ಅದಕ್ಕೆ ಕಾವಲು ಕಾಯಬಹುದು, ಒಡೆತನ ಸಾಧಿಸಕೂಡದು.

ಫೈಲನ್ನು ತೆರೆದು ಓದಿದರೆ ತಾನೆ ಗುಟ್ಟು ರಟ್ಟಾಗುವುದು, ಬರೀ ಹೆಸರು ನೋಡಿದರೆ ಏನಾದೀತು ಎಂದು ಅನೇಕರು ಭಾವಿಸುತ್ತಾರೆ. ಡೌನ್‌ಲೋಡ್ ಫೋಲ್ಡರನ್ನು ಒಮ್ಮೆ ತೆರೆದು ನೋಡಿದರೆ ಈ ನಂಬಿಕೆ ಉಳಿಯುವುದಿಲ್ಲ. ಬಯಾಪ್ಸಿ ವರದಿ, ರಾಜೀನಾಮೆ ಪತ್ರ, ಮನೆಯ ಕ್ರಯಪತ್ರ, ಮಗಳ ಜಾತಕ, ವಿಚ್ಛೇದನದ ಅರ್ಜಿಯ ಕರಡು, ಇವು ಹೆಸರಿನಲ್ಲೇ ಎಲ್ಲವನ್ನೂ ಹೇಳಿಬಿಡುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರದ ಹೆಸರಿನಲ್ಲಿ ಎಂಟಂಕಿಯ ದಿನಾಂಕವಿರುತ್ತದೆ, ಜೊತೆಗೆ ಅದು ವಾಟ್ಸ್ಆ್ಯಪ್‌ನದೆಂದು ಸೂಚಿಸುವ ಎರಡು ಅಕ್ಷರಗಳೂ ಇರುತ್ತವೆ. ಚಿತ್ರವನ್ನು ತೆರೆಯದೆಯೇ ಯಾವ ದಿನ ಎಷ್ಟು ಚಿತ್ರಗಳು ಬಂದವು ಎಂದು ಲೆಕ್ಕ ಹಾಕಬಹುದು. ಫೋಲ್ಡರುಗಳ ಹೆಸರಿನಿಂದ ಯಾವ ಬ್ಯಾಂಕಿನ, ಯಾವ ಧರ್ಮಸಂಸ್ಥೆಯ, ಯಾವ ವಧೂವರ ಸೇವೆಯ ಆ್ಯಪನ್ನು ಬಳಸಿದ್ದೀರಿ ಎಂಬುದು ತಿಳಿಯುತ್ತದೆ. ಪ್ರತಿ ಫೈಲಿನ ಗಾತ್ರ ಮತ್ತು ಕೊನೆಯ ಬಾರಿ ತಿದ್ದಿದ ಹೊತ್ತು ಪಟ್ಟಿಯ ಜೊತೆಗೇ ಸಿಗುತ್ತವೆ. ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡುವವರಿಗೆ ಒಬ್ಬರ ಆರೋಗ್ಯ, ಆಸ್ತಿ, ಸಂಬಂಧ, ನಂಬಿಕೆ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ.

ಹೆಸರು ತಿಳಿಯುವುದು ಬೇರೆ, ವಸ್ತುವನ್ನು ಮುಟ್ಟುವುದು ಬೇರೆ ಎಂಬ ವಿವೇಕ ಕಂಪ್ಯೂಟರ್ ಲೋಕಕ್ಕೆ ಹೊಸದಲ್ಲ. 1970ರ ದಶಕದ ಯುನಿಕ್ಸ್‌ನಲ್ಲೇ ಡೈರೆಕ್ಟರಿಗೆ ಎರಡು ಬೇರೆ ಬೇರೆ ಅನುಮತಿಗಳಿದ್ದವು. ‘ಓದು’ ಎಂಬ ಅನುಮತಿ ಇದ್ದರೆ ಒಳಗಿನ ಹೆಸರುಗಳ ಪಟ್ಟಿ ಸಿಗುತ್ತದೆ. ‘ನಡೆಸು’ ಎಂಬ ಅನುಮತಿ ಇದ್ದರೆ ಅದನ್ನು ಹಾದು ಒಳಹೋಗಬಹುದು, ಆದರೆ ಯಾವ ಫೈಲು ಬೇಕೆಂದು ಹೆಸರು ಮೊದಲೇ ಗೊತ್ತಿರಬೇಕು. ಎರಡನೆಯದನ್ನು ಮಾತ್ರ ಕೊಟ್ಟರೆ, ಗೊತ್ತಿರುವ ಫೈಲನ್ನು ತೆರೆಯಲು ಅಡ್ಡಿಯಿಲ್ಲ, ಉಳಿದವು ಏನಿವೆ ಎಂದು ತಡಕಾಡಲು ದಾರಿಯಿಲ್ಲ. ಪಟ್ಟಿ ಕೇಳುವುದು ತಾನಾಗಿಯೇ ಒಂದು ಅಧಿಕಾರ ಎಂಬುದನ್ನು ಆ ವ್ಯವಸ್ಥೆಯನ್ನು ಕಟ್ಟಿದವರು ಅಷ್ಟು ಹಿಂದೆಯೇ ಒಪ್ಪಿದ್ದರು.

ಆಂಡ್ರಾಯ್ಡ್ ನಿಂತಿರುವುದು ಅದೇ ಯುನಿಕ್ಸ್ ಪರಂಪರೆಯ ಲಿನಕ್ಸ್ ಮೇಲೆ. ಪ್ರತಿ ಆ್ಯಪನ್ನೂ ಒಬ್ಬ ಬೇರೆ ಬಳಕೆದಾರನೆಂದು ಎಣಿಸಿ, ಅದಕ್ಕೊಂದು ಖಾಸಗಿ ಫೋಲ್ಡರು ಕೊಟ್ಟು, ಒಂದರ ಫೋಲ್ಡರಿಗೆ ಇನ್ನೊಂದು ಕೈಹಾಕದಂತೆ ಅದು ಮೊದಲಿನಿಂದಲೂ ತಡೆದಿದೆ. ಆದರೆ ಫೋಟೊ, ಹಾಡು, ಡೌನ್‌ಲೋಡ್‌ಗಳಿರುವ ಹಂಚಿಕೆಯ ಸಂಗ್ರಹದಲ್ಲಿ ಈ ಶಿಸ್ತು ಇರಲಿಲ್ಲ. ಆರಂಭದ ಆವೃತ್ತಿಗಳಲ್ಲಿ ಎಸ್‌ಡಿ ಕಾರ್ಡಿನಲ್ಲಿ ಬರೆಯಲು ಅನುಮತಿ ಬೇಕಿತ್ತು, ಓದಲು ಬೇಕಿರಲಿಲ್ಲ. ಓದುವ ಅನುಮತಿ ಎಂಬುದು ಆಂಡ್ರಾಯ್ಡ್ 4.1ರಲ್ಲಿ ಹುಟ್ಟಿ 4.4ರಲ್ಲಿ ಕಡ್ಡಾಯವಾಯಿತು. ಆ್ಯಪ್ ಓಡುತ್ತಿರುವಾಗಲೇ ಒಡೆಯರನ್ನು ಕೇಳಬೇಕೆಂಬ ನಿಯಮ 2015ರಲ್ಲಿ ಬಂದ ಆಂಡ್ರಾಯ್ಡ್ 6ರದು. ಆಗಲೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಸಂಗ್ರಹವನ್ನು ನೋಡಲು ಬಿಡುವಿರಾ, ಇಲ್ಲವೆ? ಪ್ರೊಫೈಲಿಗೆ ಒಂದು ಫೋಟೊ ಹಾಕಲು ‘ಹೂಂ’ ಎಂದವರು ಇಡೀ ಹಂಚಿಕೆಯ ಸಂಗ್ರಹದ ಪಟ್ಟಿಯನ್ನೇ ಒಪ್ಪಿಸಿದಂತಾಗುತ್ತಿತ್ತು.

ಈ ಸಡಿಲಿನ ಅಪಾಯ ಎರಡು ಬಗೆಯದು. ಮೊದಲನೆಯದು ತಾಂತ್ರಿಕವಾದದ್ದು. 2018ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ‘ಮ್ಯಾನ್ ಇನ್ ದ ಡಿಸ್ಕ್’ ಎಂದು ಕರೆದ ದಾಳಿಯನ್ನು ವಿವರಿಸಿದರು. ಒಂದು ಆ್ಯಪ್ ತನ್ನ ಅಪ್‌ಡೇಟನ್ನು ಹಂಚಿಕೆಯ ಸಂಗ್ರಹಕ್ಕೆ ಇಳಿಸಿಕೊಳ್ಳುತ್ತದೆ. ಅಲ್ಲಿಗೆ ಕೈ ಎಟುಕುವ ಇನ್ನೊಂದು ಆ್ಯಪ್ ಹೊಂಚುಹಾಕಿ, ಆ ಫೈಲಿನ ಜಾಗದಲ್ಲಿ ಬೇರೊಂದನ್ನು ಇಡುತ್ತದೆ. ಅದೇ ವರ್ಷ ‘ಫೋರ್ಟ್‌ನೈಟ್’ ಆಟದ ಆಂಡ್ರಾಯ್ಡ್ ಇನ್‌ಸ್ಟಾಲರ್‌ನಲ್ಲಿ ಇದೇ ಜಾತಿಯ ದೋಷವನ್ನು ಗೂಗಲ್ ಪತ್ತೆಹಚ್ಚಿತು.

ಎರಡನೆಯ ಅಪಾಯ ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. ಮೊಬೈಲ್‌ನಲ್ಲೇ ದಿಢೀರ್ ಸಾಲ ಕೊಡುವ ಆ್ಯಪ್‌ಗಳು ಸಾಲಗಾರರ ಸಂಪರ್ಕಪಟ್ಟಿಯನ್ನೂ ಫೋಟೊಗಳನ್ನೂ ಎತ್ತಿಕೊಂಡು, ಕಂತು ತಪ್ಪಿದಾಗ ಫೋಟೊ ತಿರುಚಿ ನೆಂಟರಿಷ್ಟರಿಗೆ ಕಳಿಸುವುದಾಗಿ ಬೆದರಿಸಿದ ದೂರುಗಳು ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ದಾಖಲಾದವು. ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡವರೂ ಇದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿದ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ಸಾಲದ ಆ್ಯಪ್‌ಗಳು ಫೋನಿನ ಫೈಲು ಮತ್ತು ಮಾಧ್ಯಮ, ಸಂಪರ್ಕಪಟ್ಟಿ, ಕರೆಗಳ ದಾಖಲೆಗಳ ತಂಟೆಗೆ ಹೋಗಬಾರದು. ಮರುವರ್ಷ ಗೂಗಲ್ ತನ್ನ ಪ್ಲೇ ಸ್ಟೋರ್‌ನ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಫೋಟೊ ಮತ್ತು ಸಂಪರ್ಕಗಳ ಅನುಮತಿ ಕೇಳುವುದನ್ನೇ ನಿಷೇಧಿಸಿತು. ಹಣಕಾಸಿನ ನಿಯಂತ್ರಕ ಸಂಸ್ಥೆಯೊಂದು ಫೈಲುಗಳ ಅನುಮತಿಯ ಬಗ್ಗೆ ಬರೆಯಬೇಕಾಗಿ ಬಂತು ಎಂಬುದೇ ಈ ಅನುಮತಿಯ ತೂಕವನ್ನು ಹೇಳುತ್ತದೆ. ಫೋಲ್ಡರು ತಡಕಾಡುವ ಹತ್ತು ಸಾಲಿನ ಕೋಡು ಮನುಷ್ಯರ ಮಾನಕ್ಕೂ ಪ್ರಾಣಕ್ಕೂ ಎರವಾಗಬಲ್ಲದು.

ಹಾಗಾಗಿ 2019ರ ನಂತರ ಆಂಡ್ರಾಯ್ಡ್ ಹಿಡಿದ ದಾರಿಯನ್ನು ನಾನು ಸರಿ ಎನ್ನುತ್ತೇನೆ. ಆ ವರ್ಷದ ಆಂಡ್ರಾಯ್ಡ್ 10 ‘ಸ್ಕೋಪ್ಡ್ ಸ್ಟೋರೇಜ್’ ಎಂಬ ಕಟ್ಟುಪಾಡನ್ನು ತಂದಿತು, 2020ರ ಆಂಡ್ರಾಯ್ಡ್ 11 ಅದನ್ನು ಬಿಗಿಗೊಳಿಸಿತು. ಆ್ಯಪ್ ತಾನು ಬರೆದ ಫೈಲುಗಳನ್ನು ಕೇಳದೆಯೇ ನೋಡಬಹುದು. ಫೋಟೊ, ವಿಡಿಯೊ, ಹಾಡುಗಳಿಗೆ ಅನುಮತಿ ಬೇಕು. ಇತರ ಆ್ಯಪ್‌ಗಳ ದಾಖಲೆಗಳು ಬೇಕಾದರೆ ಒಡೆಯರೇ ಕೈಯಾರೆ ಆರಿಸಿ ಕೊಡಬೇಕು. 2022ರ ಆಂಡ್ರಾಯ್ಡ್ 13 ಚಿತ್ರ, ವಿಡಿಯೊ, ಧ್ವನಿಗಳಿಗೆ ಬೇರೆ ಬೇರೆ ಅನುಮತಿ ಮಾಡಿತು. ಮರುವರ್ಷದ 14ರಲ್ಲಿ, ಗ್ಯಾಲರಿಯ ಎಲ್ಲವನ್ನೂ ಕೊಡದೆ ಆರಿಸಿದ ಕೆಲವು ಚಿತ್ರಗಳನ್ನಷ್ಟೇ ಕೊಡುವ ಆಯ್ಕೆ ಬಂತು. ಐಫೋನಿನಲ್ಲಿ ಈ ಆಯ್ಕೆ 2020ರಿಂದಲೇ ಇದೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ವಿವೇಕದ್ದು ಎನಿಸುವುದು ಆಯ್ಕೆಯ ಕಿಟಕಿ, ಡೆವಲಪರ್‌ಗಳ ಮಾತಿನಲ್ಲಿ ಪಿಕರ್. ಜಗುಲಿಯ ಮೇಲೆ ಕುಳಿತ ಅತಿಥಿ ಒಂದು ಕಾಗದ ಬೇಕೆಂದಾಗ ಮನೆಯವರು ಒಳಗೆ ಹೋಗಿ ತಂದು ಕೊಡುತ್ತಾರೆ, ಬೀರುವಿನ ಬೀಗದ ಕೈ ಅತಿಥಿಗೆ ಸಿಗುವುದಿಲ್ಲ. ಪಿಕರ್ ಮಾಡುವುದೂ ಅದನ್ನೇ. ಪಟ್ಟಿಯನ್ನು ತೋರಿಸುವುದು ಫೋನಿನ ವ್ಯವಸ್ಥೆ, ನೋಡುವುದು ಒಡೆಯರು. ಆ್ಯಪ್‌ಗೆ ತಲುಪುವುದು ಆರಿಸಿದ ಒಂದು ಫೈಲು ಮಾತ್ರ. ವಿಮೆಯ ಆ್ಯಪ್‌ಗೆ ಆಸ್ಪತ್ರೆಯ ಬಿಲ್ಲು ಬೇಕು, ಪರೀಕ್ಷೆಯ ಆ್ಯಪ್‌ಗೆ ಅಂಕಪಟ್ಟಿ ಬೇಕು. ಎರಡಕ್ಕೂ ಪಟ್ಟಿ ಬೇಕಿಲ್ಲ. ಫೋಲ್ಡರನ್ನು ತಾನೇ ಓದಿ ತೋರಿಸಲು ಬಯಸುವ ಬಹುತೇಕ ಆ್ಯಪ್‌ಗಳ ಕೆಲಸ ಒಂದು ಪಿಕರ್‌ನಿಂದ ಮುಗಿಯುತ್ತದೆ. ಕೋಡು ಬರೆಯುವವರು ‘ಫೋಲ್ಡರನ್ನು ಹೇಗೆ ಓದಲಿ’ ಎಂದು ಹುಡುಕುವ ಮೊದಲು ‘ನನಗೆ ಅದನ್ನು ಓದುವ ಅಗತ್ಯವೇನು’ ಎಂದು ಕೇಳಿಕೊಳ್ಳುವುದು ಕಸುಬಿನ ಮೊದಲ ಧರ್ಮ.

‘ನಾನೇನೂ ಮುಚ್ಚಿಡುತ್ತಿಲ್ಲವಲ್ಲ, ನೋಡಿದರೆ ನೋಡಲಿ’ ಎನ್ನುವವರಿದ್ದಾರೆ. ಈ ಮಾತಿಗೆ ಉತ್ತರ ನಮ್ಮ ಸಂವಿಧಾನದ ಓದಿನಲ್ಲೇ ಸಿಕ್ಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ, 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮುಚ್ಚಿಡುವಂಥದ್ದು ಇದ್ದವರಿಗೆ ಮಾತ್ರ ಆ ಹಕ್ಕು ಎಂದು ಪೀಠ ಹೇಳಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಉದ್ದೇಶಕ್ಕೆ ಕಟ್ಟಿಹಾಕಿದೆ. ಆ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ. ಕಾಯ್ದೆಯಲ್ಲೇ ಕೊಟ್ಟಿರುವ ಒಂದು ಉದಾಹರಣೆಯಲ್ಲಿ, ದೂರವೈದ್ಯದ ಆ್ಯಪ್ ಒಂದು ಸಂಪರ್ಕಪಟ್ಟಿಗೂ ಒಪ್ಪಿಗೆ ಕೇಳುತ್ತದೆ, ಬಳಕೆದಾರರು ಒಪ್ಪುತ್ತಾರೆ; ಆದರೂ ವೈದ್ಯಸೇವೆಗೆ ಆ ಪಟ್ಟಿಯ ಅಗತ್ಯವಿಲ್ಲದ ಕಾರಣ ಒಪ್ಪಿಗೆ ಅದಕ್ಕೆ ತಗಲುವುದಿಲ್ಲ. ಫೈಲುಗಳ ಪಟ್ಟಿಗೂ ಇದೇ ತರ್ಕ ಸಲ್ಲಬೇಕು. ‘ಅನುಮತಿ ಕೊಟ್ಟಿದ್ದೀರಲ್ಲ’ ಎಂಬುದು ಬೇಡದ್ದನ್ನು ಎತ್ತಿಕೊಳ್ಳಲು ನೆಪವಾಗಕೂಡದು.

ಇಲ್ಲಿಯವರೆಗೆ ನನ್ನ ವಾದ ಕಂಪನಿಗಳ ಬಿಗಿಯ ಪರವಾಗಿದೆ. ಇನ್ನು ಮುಂದೆ ಹಾಗಿಲ್ಲ. ಆ್ಯಪ್‌ಗಳ ಕೈ ಕಟ್ಟುವ ಹೆಸರಿನಲ್ಲಿ ಒಡೆಯರ ಕೈಯನ್ನೂ ಕಟ್ಟಲಾಗಿದೆ. ಆ್ಯಪಲ್ 2008ರಲ್ಲಿ ಆ್ಯಪ್ ಸ್ಟೋರ್ ತೆರೆದಾಗ ಪ್ರತಿ ಆ್ಯಪನ್ನೂ ಅದರ ಗೂಡಿನಲ್ಲಿ ಕೂರಿಸಿತು, ಅದು ಒಳ್ಳೆಯದೇ. ಆದರೆ ಫೋನು ಕೊಂಡವರಿಗೆ ತಮ್ಮ ಫೈಲುಗಳನ್ನು ಒಂದೆಡೆ ನೋಡಲು ‘ಫೈಲ್ಸ್’ ಎಂಬ ಆ್ಯಪ್ ಸಿಕ್ಕಿದ್ದು 2017ರಲ್ಲಿ, ಐಫೋನಿನ ವ್ಯವಸ್ಥೆಯಾದ ಐಒಎಸ್ 11ರ ಜೊತೆಗೆ. ಅಷ್ಟು ವರ್ಷ ಲಕ್ಷಾಂತರ ಜನ ತಮ್ಮ ದುಡ್ಡಿನ ಫೋನಿನಲ್ಲಿ ತಮ್ಮದೇ ದಾಖಲೆಗಳನ್ನು ಯಾವುದೋ ಆ್ಯಪ್‌ನ ಮೂಲಕವೇ ಕಾಣಬೇಕಿತ್ತು. ಆ ಆ್ಯಪ್ ಅಳಿಸಿದರೆ ಅದರ ಫೋಲ್ಡರೂ ಹೋಗುತ್ತಿತ್ತು.

ಆಂಡ್ರಾಯ್ಡ್ ಕೂಡ ಅದೇ ಕಡೆ ವಾಲಿದೆ. ಫೋಲ್ಡರೊಂದನ್ನು ಒಡೆಯರು ಕೈಯಾರೆ ಆರಿಸಿ ಆ್ಯಪ್‌ಗೆ ಒಪ್ಪಿಸುವ ವ್ಯವಸ್ಥೆ 2014ರ ಆಂಡ್ರಾಯ್ಡ್ 5ರಿಂದ ಇದೆ. ಆಂಡ್ರಾಯ್ಡ್ 11ರಲ್ಲಿ ಅದಕ್ಕೆ ಬೇಲಿ ಬಿತ್ತು. ಸಂಗ್ರಹದ ಬುಡವನ್ನು, ಡೌನ್‌ಲೋಡ್ ಫೋಲ್ಡರನ್ನು, ಆ್ಯಪ್‌ಗಳ ದತ್ತಾಂಶವಿರುವ ‘ಆಂಡ್ರಾಯ್ಡ್/ಡೇಟಾ’ವನ್ನು ಒಡೆಯರು ಬಯಸಿದರೂ ಈ ದಾರಿಯಲ್ಲಿ ಕೊಡುವಂತಿಲ್ಲ. ಎಲ್ಲ ಫೈಲುಗಳನ್ನೂ ನೋಡುವ ವಿಶೇಷ ಅನುಮತಿಯೊಂದು ಉಂಟು. ಆದರೆ ಅದನ್ನು ಕೇಳುವ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇರಬಹುದೇ ಎಂದು ತೀರ್ಮಾನಿಸುವುದು ಗೂಗಲ್. ಫೈಲ್ ಮ್ಯಾನೇಜರ್, ಬ್ಯಾಕಪ್, ವೈರಸ್ ತಡೆಯುವಂಥ ಕೆಲವೇ ಬಗೆಯ ಆ್ಯಪ್‌ಗಳಿಗೆ ಅದು ಮೀಸಲು. ಜರ್ಮನಿಯ ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶದ ಸಂಸ್ಥೆ, ಜನರು ತಮ್ಮ ಫೈಲುಗಳನ್ನು ತಮ್ಮದೇ ಸರ್ವರ್‌ಗೆ ಕಳಿಸಿಟ್ಟುಕೊಳ್ಳಲು ನೆರವಾಗುವ ಆ್ಯಪನ್ನು ಕೊಡುತ್ತದೆ. ಅದರ ಈ ಅನುಮತಿಯನ್ನು ಗೂಗಲ್ ಹಿಂತೆಗೆದುಕೊಂಡಿತೆಂದು 2025ರ ಮೇ ತಿಂಗಳಲ್ಲಿ ಆ ಸಂಸ್ಥೆ ಬಹಿರಂಗವಾಗಿ ದೂರಿತು. ಸುದ್ದಿಯಾದ ಮೇಲೆ ಗೂಗಲ್ ಅದನ್ನು ಮರಳಿಸಲು ಒಪ್ಪಿತು. ಗೂಗಲ್‌ಗೂ ಫೈಲು ಸಂಗ್ರಹಿಸಿಡುವ ತನ್ನದೇ ಸೇವೆ ಇದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಕಾವಲುಗಾರನೇ ಅದೇ ಬೀದಿಯ ವ್ಯಾಪಾರಿಯೂ ಆಗಿರುವಾಗ, ಬಾಗಿಲು ಯಾರಿಗೆ ತೆರೆಯಬೇಕೆಂಬ ತೀರ್ಮಾನ ಅವನೊಬ್ಬನದೇ ಆಗಿರುವುದು ನ್ಯಾಯವಲ್ಲ.

ಇದಕ್ಕೆ ಕಂಪನಿಗಳ ಕಡೆಯಿಂದ ಬರುವ ಉತ್ತರವನ್ನು ಹಗುರವಾಗಿ ಕಾಣಬಾರದು. ಒಡೆಯರಿಗೆ ಪೂರ್ತಿ ಅಧಿಕಾರ ಕೊಟ್ಟರೆ ಮೋಸದ ಆ್ಯಪ್‌ಗಳು ಅವರನ್ನು ಪುಸಲಾಯಿಸಿ ಆ ಅಧಿಕಾರವನ್ನು ಕಿತ್ತುಕೊಳ್ಳುತ್ತವೆ ಎಂಬುದು ಆ ಉತ್ತರ. ಸಾಲದ ಆ್ಯಪ್‌ಗಳಿಗೂ ಜನ ‘ಹೂಂ’ ಎಂದೇ ಅನುಮತಿ ಕೊಟ್ಟಿದ್ದರು. ತುರ್ತಾಗಿ ಐದು ಸಾವಿರ ಬೇಕಾದವರು ಅನುಮತಿಯ ಕಿಟಕಿಯನ್ನು ಓದುತ್ತ ಕೂರುವುದಿಲ್ಲ. ಹೀಗೆ ಇಕ್ಕಟ್ಟಿನಲ್ಲಿ ಪಡೆದ ಒಪ್ಪಿಗೆಗೆ ಕಾನೂನೇ ಅಡ್ಡ ನಿಲ್ಲಬೇಕು, ರಿಸರ್ವ್ ಬ್ಯಾಂಕ್ ಮಾಡಿದ್ದು ಅದನ್ನೇ. ಆದರೆ ಒಂದು ವರ್ಗದ ಆ್ಯಪ್ ದ್ರೋಹ ಬಗೆಯಿತೆಂದು ಪ್ರತಿ ಒಡೆಯರನ್ನೂ ಅಪ್ರಾಪ್ತರಂತೆ ನೋಡುವುದು ಪರಿಹಾರವಲ್ಲ. ಅಧಿಕಾರವನ್ನು ಕೊಡುವ ದಾರಿ ನಿಧಾನವಾಗಿರಲಿ, ಸೆಟ್ಟಿಂಗ್ಸ್‌ನ ಒಳಗೆ ಹೋಗಿಯೇ ಕೊಡಬೇಕೆಂದಿರಲಿ, ಫೋಲ್ಡರು ಫೋಲ್ಡರಿಗೆ ಬೇರೆ ಇರಲಿ, ಯಾವಾಗ ಬೇಕಾದರೂ ಹಿಂಪಡೆಯುವಂತಿರಲಿ. ಯಾವ ಆ್ಯಪ್ ಯಾವ ದಿನ ಯಾವ ಫೋಲ್ಡರನ್ನು ಪಟ್ಟಿ ಮಾಡಿತು ಎಂಬ ದಾಖಲೆ ಒಡೆಯರ ಕಣ್ಣಿಗೆ ಬೀಳಲಿ. ಅಷ್ಟೆಲ್ಲ ಆದ ಮೇಲೂ ಕೊನೆಯ ಮಾತು ಫೋನು ಕೊಂಡವರದೇ ಆಗಿರಬೇಕು.

ವಾಟ್ಸ್ಆ್ಯಪ್ ಸ್ಟೇಟಸ್ ಉಳಿಸಿಕೊಡುವ ಆ್ಯಪ್‌ಗಳ ಕಥೆ ಎರಡೂ ಬದಿಯನ್ನು ತೋರಿಸುತ್ತದೆ. ನಾವು ನೋಡಿದ ಸ್ಟೇಟಸ್‌ಗಳು ವಾಟ್ಸ್ಆ್ಯಪ್‌ನ ಮೀಡಿಯಾ ಫೋಲ್ಡರಿನೊಳಗೆ ಚುಕ್ಕಿಯಿಂದ ಶುರುವಾಗುವ ಹೆಸರಿನ ಅಡಗಿದ ಫೋಲ್ಡರೊಂದರಲ್ಲಿ ಸ್ವಲ್ಪ ಹೊತ್ತು ಇರುತ್ತವೆ. ಆ ಆ್ಯಪ್‌ಗಳು ಮಾಡುವುದು ಅದನ್ನು ಪಟ್ಟಿ ಮಾಡಿ ತೋರಿಸುವುದಷ್ಟೇ. ಹಿಂದೆ ಅವು ಇದಕ್ಕಾಗಿ ಇಡೀ ಸಂಗ್ರಹದ ಅನುಮತಿ ಪಡೆಯುತ್ತಿದ್ದವು. ಹೊಸ ನಿಯಮ ಬಂದ ಮೇಲೆ ಆ ಒಂದು ಫೋಲ್ಡರನ್ನು ಆರಿಸಿಕೊಡಿ ಎಂದು ಕೇಳುತ್ತವೆ. ಕೆಲಸ ನಿಲ್ಲಲಿಲ್ಲ, ಅಧಿಕಾರ ಕುಗ್ಗಿತು. ಬೇಲಿ ಇರಬೇಕಾದ್ದು ಹೀಗೆ.

ಅಧಿಕಾರದ ಪ್ರಶ್ನೆ ಬಗೆಹರಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಪಟ್ಟಿ ನಿಜ ಹೇಳುತ್ತದೆಯೇ? ಜಾವಾದ ‘ಲಿಸ್ಟ್‌ಫೈಲ್ಸ್’ ಆದೇಶಕ್ಕೆ ಖಾಲಿ ಪಟ್ಟಿ ಬಂದರೆ ಫೋಲ್ಡರಿನಲ್ಲಿ ಏನೂ ಇಲ್ಲ ಎಂದರ್ಥ. ‘ನಲ್’ ಬಂದರೆ ಅದು ಫೋಲ್ಡರೇ ಅಲ್ಲ ಅಥವಾ ಓದಲು ಆಗಲಿಲ್ಲ ಎಂದರ್ಥ. ಅವಸರದ ಕೋಡು ಎರಡನ್ನೂ ಒಂದೇ ಎಂದು ಬಗೆದು ‘ಫೈಲುಗಳಿಲ್ಲ’ ಎಂದು ತೋರಿಸಿಬಿಡುತ್ತದೆ. ಹೊಸ ಆಂಡ್ರಾಯ್ಡ್‌ನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮೂರನೆಯ ಸ್ಥಿತಿಯಿದೆ. ಡೌನ್‌ಲೋಡ್ ಫೋಲ್ಡರನ್ನು ಕೇಳಿದರೆ ಆ್ಯಪ್‌ಗೆ ತನ್ನ ಫೈಲುಗಳೂ ಅನುಮತಿಯಿರುವ ಚಿತ್ರಗಳೂ ಬರುತ್ತವೆ, ಬೇರೆ ಆ್ಯಪ್‌ಗಳು ಇಳಿಸಿದ ಪಿಡಿಎಫ್‌ಗಳು ಬರುವುದಿಲ್ಲ. ಎಲ್ಲಿಯೂ ದೋಷ ಎಂಬ ಸೂಚನೆ ಇರುವುದಿಲ್ಲ. ಅರ್ಧ ಪಟ್ಟಿ ಪೂರ್ತಿ ಪಟ್ಟಿಯ ವೇಷದಲ್ಲಿ ಬರುತ್ತದೆ. ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಂಡರೆ ಹಿಂದೆ ತಾನೇ ಬರೆದಿದ್ದ ದಾಖಲೆಗಳೂ ಅದಕ್ಕೆ ಅನ್ಯವಾಗುತ್ತವೆ.

ತೋರಿಸುವ ಆ್ಯಪ್‌ನಲ್ಲಿ ಇದು ಗೊಂದಲ, ಬ್ಯಾಕಪ್ ಆ್ಯಪ್‌ನಲ್ಲಿ ಅನಾಹುತ. ಫೋನಿನಲ್ಲಿ ಇಲ್ಲದ್ದನ್ನು ಸರ್ವರ್‌ನಿಂದಲೂ ತೆಗೆದುಹಾಕುವುದು ಎರಡನ್ನೂ ಸರಿಹೊಂದಿಸುವ ಆ್ಯಪ್‌ಗಳ ಸಾಮಾನ್ಯ ನಿಯಮ. ಅನುಮತಿ ಕಳೆದುಹೋದ ದಿನ ಪಟ್ಟಿ ಖಾಲಿ ಬಂದರೆ, ‘ಒಡೆಯರು ಎಲ್ಲವನ್ನೂ ಅಳಿಸಿದ್ದಾರೆ’ ಎಂದು ಕೋಡು ತಿಳಿಯುತ್ತದೆ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ ಸರ್ವರ್‌ನಿಂದಲೂ ಮಾಯವಾಗುತ್ತದೆ. ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ತರ್ಕಶಾಸ್ತ್ರದ ಈ ಮಾತನ್ನು ಆ್ಯಪ್ ಬರೆಯುವ ಪ್ರತಿಯೊಬ್ಬರೂ ಅಳಿಸುವ ಆದೇಶಕ್ಕೆ ಮುಂಚೆ ಒಂದು ಪರೀಕ್ಷೆಯಾಗಿ ಬರೆದಿಡಬೇಕು. ಪರದೆಯ ಮೇಲೆ ‘ಫೈಲುಗಳಿಲ್ಲ’, ‘ನೋಡಲು ಅನುಮತಿಯಿಲ್ಲ’, ‘ಕೆಲವನ್ನು ಮಾತ್ರ ತೋರಿಸಲಾಗಿದೆ’ ಎಂಬ ಮೂರು ಬೇರೆ ಮಾತುಗಳಿರಬೇಕು. ತನಗೆ ಎಲ್ಲವೂ ಕಾಣುತ್ತಿಲ್ಲ ಎಂದು ಒಪ್ಪಿಕೊಳ್ಳುವ ಆ್ಯಪ್ ನಂಬಿಕೆಗೆ ಅರ್ಹ.

ಪಟ್ಟಿ ಒಡೆಯರದು ಎಂದ ಮೇಲೆ ಅದು ಒಡೆಯರ ಭಾಷೆಯಲ್ಲೂ ನೆಟ್ಟಗಿರಬೇಕು. ‘ಲಿಸ್ಟ್‌ಫೈಲ್ಸ್’ ಯಾವ ಕ್ರಮದಲ್ಲಿ ಹೆಸರು ಕೊಡುತ್ತದೆಂಬ ಭರವಸೆಯಿಲ್ಲ, ಜೋಡಿಸುವ ಹೊಣೆ ಆ್ಯಪ್‌ನದು. ಬಹಳಷ್ಟು ಆ್ಯಪ್‌ಗಳು ಯುನಿಕೋಡ್ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಸಂಖ್ಯೆಗಳ ಕ್ರಮದಲ್ಲಿ ಜೋಡಿಸಿ ಕೈತೊಳೆದುಕೊಳ್ಳುತ್ತವೆ. ಯುನಿಕೋಡ್‌ನಲ್ಲಿ ‘ಳ’ ಕುಳಿತಿರುವುದು ‘ಲ’ದ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ಆಚೆ. ಆದ್ದರಿಂದ ‘ಮಹಾಭಾರತ’ಕ್ಕಿಂತ ಮೊದಲು ‘ಮಳೆ’ ಬರುತ್ತದೆ, ‘ಕವನ’ಕ್ಕಿಂತ ಮೊದಲು ‘ಕಳಸ’ ಬರುತ್ತದೆ. ‘ಕೋಟೆ’ಯ ಓತ್ವವನ್ನು ಒಂದೇ ಸಂಕೇತದಲ್ಲಿ ಬರೆಯಬಹುದು, ಮೂರು ಬಿಡಿ ಸಂಕೇತಗಳಲ್ಲೂ ಬರೆಯಬಹುದು. ಆ್ಯಪಲ್ ಕಂಪ್ಯೂಟರ್‌ಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಕೋಡಿಗೆ ಬೇರೆ ಬೇರೆ. ಎರಡನ್ನೂ ಒಂದು ರೂಪಕ್ಕೆ ತಂದು ಹೋಲಿಸದಿದ್ದರೆ, ಕಣ್ಣೆದುರಿನ ಫೈಲು ಹುಡುಕಾಟದಲ್ಲಿ ಸಿಗುವುದಿಲ್ಲ. ಇನ್ನು ಹೆಸರಿನ ಉದ್ದ: ಆಂಡ್ರಾಯ್ಡ್ ಬಳಸುವ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಸಂಕೇತಗಳಾಗಿ ಹದಿನೆಂಟು ಬೈಟು ನುಂಗುತ್ತದೆ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದ ಆ್ಯಪ್, ಕನ್ನಡದ ಉದ್ದನೆಯ ಶೀರ್ಷಿಕೆಯ ಮುಂದೆ ಎಡವುವುದು ಖಚಿತ. ಇವೆಲ್ಲಕ್ಕೂ ಸಿದ್ಧ ಪರಿಹಾರಗಳಿವೆ. ಆಂಡ್ರಾಯ್ಡ್, ಐಒಎಸ್ ಎರಡರಲ್ಲೂ ಭಾಷೆಗೆ ತಕ್ಕಂತೆ ಜೋಡಿಸುವ ಮತ್ತು ಹೆಸರನ್ನು ಏಕರೂಪಕ್ಕೆ ತರುವ ಸಾಧನಗಳಿವೆ. ಅವನ್ನು ಬಳಸುವ ಮನಸ್ಸು ಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಆ್ಯಪ್ ಬರೆಯಬಲ್ಲವರು ದೊಡ್ಡ ಸಂಖ್ಯೆಯಲ್ಲಿ ಹೊರಬರುತ್ತಾರೆ. ಫೋಲ್ಡರನ್ನು ಪಟ್ಟಿ ಮಾಡುವ ಕೋಡನ್ನು ಅವರಿಗೆ ಕಲಿಸುವ ತರಗತಿಯಲ್ಲೇ ಮೂರು ಪ್ರಶ್ನೆಗಳನ್ನೂ ಕಲಿಸಬೇಕು. ಈ ಪಟ್ಟಿ ನನಗೆ ಬೇಕೇ, ಇಲ್ಲ ಒಂದು ಫೈಲು ಸಾಕೇ? ಸಿಕ್ಕ ಪಟ್ಟಿ ಪೂರ್ತಿಯೇ, ಅಲ್ಲದಿದ್ದರೆ ಅದನ್ನು ಬಳಸುವವರಿಗೆ ಹೇಳಿದ್ದೇನೆಯೇ? ಕೊಟ್ಟ ಅಧಿಕಾರವನ್ನು ಅವರು ಸುಲಭವಾಗಿ ಹಿಂಪಡೆಯಬಲ್ಲರೇ? ಕಂಪನಿಗಳಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಆ್ಯಪ್‌ಗೂ ಕಾಣದ ಫೋಲ್ಡರು ಫೋನಿನಲ್ಲಿರಬಹುದು, ಒಡೆಯರಿಗೂ ಕಾಣದ ಫೋಲ್ಡರು ಏಕಿರಬೇಕು? ಈ ಪ್ರಶ್ನೆಯನ್ನು ಕೇಳುವ ಹೊಣೆ ಡೆವಲಪರ್‌ಗಳ ಮೇಲೆ ಮಾತ್ರ ಬಿದ್ದಿಲ್ಲ. ಫೋನು ಬಳಸುವ ಪ್ರತಿಯೊಬ್ಬರೂ, ಕಾನೂನು ಬರೆಯುವ ಪ್ರತಿಯೊಬ್ಬರೂ ಅದನ್ನು ಕೇಳುವ ಹಕ್ಕುಳ್ಳವರು. ದುರುಪಯೋಗದಿಂದ ನಮ್ಮನ್ನು ಕಾಪಾಡುವ ಬೇಲಿಯನ್ನು ಒಪ್ಪೋಣ. ಆ ಬೇಲಿಯ ಬಾಗಿಲಿನ ಬೀಗದ ಕೈ ನಮ್ಮ ಹತ್ತಿರವೇ ಇರಬೇಕೆಂದು ಒತ್ತಾಯಿಸೋಣ.